ಕಾರಿನ ರಬ್ಬರ್ ಸೀಲುಗಳು ಮತ್ತು ಅವಕ್ಕೆ ಹೊಂದುವ ಕೀಲೆಣ್ಣೆಗಳು

ಕಾರಿನ ಎರಡು ಭಾಗಗಳು ಕೂಡುವಲ್ಲಿ ಉಳಿಯುವ ಸಂದನ್ನು ಮುಚ್ಚಿ, ನೀರು, ಗಾಳಿ, ದೂಳು, ಎಣ್ಣೆ ಅಥವಾ ಒತ್ತಡದಲ್ಲಿರುವ ದ್ರವ ಆಚೀಚೆ ನುಸುಳದಂತೆ ತಡೆಯುವ ರಬ್ಬರಿನ ಭಾಗಗಳಿಗೆ ರಬ್ಬರ್ ಸೀಲು ಎಂದು ಹೆಸರು. ಗ್ಯಾರೇಜಿನ ಮಾತಿನಲ್ಲಿ ಇವಕ್ಕೆ ಒಂದೊಂದು ಕಡೆ ಒಂದೊಂದು ಹೆಸರಿದೆ. ಬಾಗಿಲ ಸುತ್ತ ಕೂತದ್ದು ಬೀಡಿಂಗ್, ತಿರುಗುವ ಶಾಫ್ಟನ್ನು ಅಪ್ಪಿಕೊಂಡಿರುವುದು ಆಯಿಲ್ ಸೀಲ್, ಪೈಪುಗಳು ಕೂಡುವಲ್ಲಿ ಓ-ರಿಂಗ್, ಬ್ರೇಕ್ ಸಿಲಿಂಡರಿನೊಳಗೆ ರಬ್ಬರ್ ಕಪ್, ಅದರ ಹೊರಗೆ ದೂಳು ತಡೆಯುವ ಬೂಟ್. ಹೆಚ್ಚಿನವು ಕಪ್ಪಗೆ ಮೆತ್ತಗೆ ಇರುವುದರಿಂದ ಒಂದೇ ವಸ್ತುವಿನಿಂದ ಮಾಡಿದವು ಎನ್ನಿಸುತ್ತದೆ. ಆ ಕಪ್ಪು ಬಣ್ಣ ರಬ್ಬರಿಗೆ ಗಟ್ಟಿತನ ಬರಲೆಂದು ಬೆರೆಸಿದ ಮಸಿಯದು. ಒಳಗಿರುವ ರಬ್ಬರು ಯಾವ ಜಾತಿಯದೆಂದು ಅದರಿಂದ ತಿಳಿಯುವುದಿಲ್ಲ.

ಕೀಲೆಣ್ಣೆ ಎಂಬ ಮಾತು ಎತ್ತಿನ ಗಾಡಿಯ ಕೀಲಿಗೆ ಎರೆಯುತ್ತಿದ್ದ ಎಣ್ಣೆಯಿಂದ ಬಂದದ್ದು. ಕಬ್ಬಿಣದ ಕೀಲಿಗೆ ಯಾವ ಜಿಡ್ಡು ಹಚ್ಚಿದರೂ ಹೇಗೋ ನಡೆದುಹೋಗುತ್ತದೆ, ಏಕೆಂದರೆ ಕಬ್ಬಿಣ ಎಣ್ಣೆಯನ್ನು ಕುಡಿಯುವುದಿಲ್ಲ. ರಬ್ಬರು ಕುಡಿಯುತ್ತದೆ. ಹೀಗಾಗಿ ಒಂದೇ ಬಾಗಿಲಿನಲ್ಲಿ ಕೀಲಿಗೆ ಹಾಕುವ ಎಣ್ಣೆಯೇ ಬೇರೆ, ಅದರಿಂದ ನಾಲ್ಕು ಬೆರಳು ಆಚೆಗಿರುವ ಬೀಡಿಂಗಿಗೆ ಹಚ್ಚುವುದೇ ಬೇರೆ. ಕಾರಿನ ರಬ್ಬರಿನ ಆರೈಕೆಯಲ್ಲಿ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಇದನ್ನು ಮರೆತದ್ದರಿಂದಲೇ ಆಗುತ್ತವೆ.

ಒತ್ತಿದ ರಬ್ಬರು ತನ್ನ ಮೊದಲಿನ ಆಕಾರಕ್ಕೆ ಮರಳಲು ಹವಣಿಸುತ್ತದೆ. ಹಾಗೆ ಹವಣಿಸುತ್ತ ಎದುರಿನ ಮೈಯನ್ನು ತಳ್ಳುವುದರಿಂದಲೇ ಸಂದು ಮುಚ್ಚಿರುತ್ತದೆ. ಕೀಲೆಣ್ಣೆಗೆ ಇದರಲ್ಲಿ ನೇರ ಪಾತ್ರವಿಲ್ಲ. ಜೋಡಿಸುವಾಗ ರಬ್ಬರು ಹರಿಯದೆ, ತಿರುಚಿಕೊಳ್ಳದೆ ತನ್ನ ಜಾಗಕ್ಕೆ ಜಾರಿ ಕೂರಬೇಕು. ಚಲಿಸುವ ಕಡೆ ಉಜ್ಜಿ ಸವೆಯಬಾರದು, ಬಾಗಿಲಿನಂಥ ಕಡೆ ಅಂಟಿ ಕಿರುಗುಟ್ಟಬಾರದು. ಕೀಲೆಣ್ಣೆಯಿಂದ ಇಷ್ಟನ್ನು ನಿರೀಕ್ಷಿಸಬಹುದು. ಗಟ್ಟಿಯಾಗಿ ಹೋದ ರಬ್ಬರು ಅದರಿಂದ ಮತ್ತೆ ಎಳೆಯದಾಗುವುದಿಲ್ಲ. ರಬ್ಬರಿಗೆ ಮರುಜೀವ ಕೊಡುತ್ತೇವೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಅದು ಮೇಲ್ಮೈಗೆ ಹೊಳಪು ಕೊಡುತ್ತದೆ ಎಂದಷ್ಟೇ ಓದಿಕೊಳ್ಳುವುದು ಸರಿ.

ರಬ್ಬರಿನ ಜಾತಿಗಳು

ಮರದ ಹಾಲಿನಿಂದ ಬರುವ ಸಹಜ ರಬ್ಬರು ಬಿಸಿಲಿಗೆ ಅಂಟಂಟಾಗಿ ಚಳಿಗೆ ಬಿರುಸಾಗುತ್ತಿತ್ತು. ಅದನ್ನು ಗಂಧಕದೊಂದಿಗೆ ಕಾಯಿಸಿದರೆ ಈ ದೋಷ ಹೋಗುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಗಂಧಕವು ರಬ್ಬರಿನ ಉದ್ದನೆಯ ಸರಪಳಿಗಳ ನಡುವೆ ಅಲ್ಲಲ್ಲಿ ಅಡ್ಡಕೊಂಡಿ ಹಾಕುತ್ತದೆ. ಎಳೆದರೆ ಹಿಗ್ಗಿ ಬಿಟ್ಟರೆ ಹಿಂದಿರುಗುವ ಗುಣ ಸ್ಥಿರವಾಗುವುದು ಈ ಕೊಂಡಿಗಳಿಂದ. ದಣಿಯದೆ ಮಿಡಿಯುವುದರಲ್ಲಿ ಸಹಜ ರಬ್ಬರಿಗೆ ಇಂದಿಗೂ ಸರಿಸಾಟಿ ಕಡಿಮೆ. ಟೈರು, ಎಂಜಿನ್ ಮೌಂಟಿಂಗ್, ಸಸ್ಪೆನ್ಷನ್ ಬುಷ್ಷುಗಳಲ್ಲಿ ಅದು ಉಳಿದುಕೊಂಡಿರುವುದು ಈ ಕಾರಣಕ್ಕೆ. ಆದರೆ ಅದರ ಸರಪಳಿಯುದ್ದಕ್ಕೂ ದ್ವಿಬಂಧಗಳಿವೆ, ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಝೋನ್ ಅವನ್ನೇ ಕಡಿಯುತ್ತದೆ. ಎಳೆತದಲ್ಲಿರುವ ರಬ್ಬರಿನಲ್ಲಿ ಎಳೆತಕ್ಕೆ ಅಡ್ಡಲಾಗಿ ಸಾಲುಸಾಲು ಬಿರುಕು ಬೀಳುತ್ತದೆ. ಹಳೆಯ ಕಾರುಗಳ ಬಾಗಿಲ ರಬ್ಬರು ಉದ್ದಕ್ಕೆ ಚೆನ್ನಾಗಿದ್ದು, ಬಾಗಿದ ಮೂಲೆಗಳಲ್ಲಿ ಮಾತ್ರ ಒಡೆದಿರುವುದನ್ನು ನೋಡಿದವರಿಗೆ ಇದರ ಗುರುತು ಸಿಕ್ಕೀತು. ಸುಳ್ಯ, ಪುತ್ತೂರಿನ ಕಡೆಯ ತೋಟಗಳಲ್ಲಿ ಬೆಳೆಯುವುದು ಈ ಜಾತಿಯ ರಬ್ಬರನ್ನೇ. ಇಂದಿನ ಕಾರಿನ ಬಾಗಿಲಿನಲ್ಲಿ ಮಾತ್ರ ಅದಕ್ಕೆ ಕೆಲಸವಿಲ್ಲ.

ಕೃತಕ ರಬ್ಬರುಗಳು ಒಂದೊಂದಾಗಿ ಬಂದವು. ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊದರ್ಸ್‌ನ ತಂಡದಿಂದ 1930ರಲ್ಲಿ ನಿಯೋಪ್ರೀನ್ ಹುಟ್ಟಿತು, ಅದೇ ದಶಕದಲ್ಲಿ ಜರ್ಮನಿಯಲ್ಲಿ ಎಣ್ಣೆಗೆ ಬಗ್ಗದ ನೈಟ್ರೈಲ್ ರಬ್ಬರು ತಯಾರಾಯಿತು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್ ಓ-ರಿಂಗಿಗೆ 1939ರಲ್ಲಿ ಪೇಟೆಂಟ್ ಪಡೆದ. 1940ರ ದಶಕದಲ್ಲಿ ಸಿಲಿಕೋನ್ ರಬ್ಬರು, 1957ರಲ್ಲಿ ವೈಟಾನ್ ಎಂಬ ಹೆಸರಿನ ಫ್ಲೋರಿನ್ ರಬ್ಬರು ಮಾರುಕಟ್ಟೆಗೆ ಬಂದವು. ವೈಟಾನ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನೂ ಪೆಟ್ರೋಲ್, ಎಂಜಿನ್ ಆಯಿಲುಗಳನ್ನೂ ತಡೆದುಕೊಳ್ಳುತ್ತದೆ. ಬೆಲೆ ಹೆಚ್ಚು, ಹಾಗಾಗಿ ಬೇಕಾದ ಕಡೆಯಷ್ಟೇ ಬಳಕೆ.

ಕಾರು ಇಟ್ಟುಕೊಂಡವರ ಕಣ್ಣಿಗೆ ದಿನವೂ ಬೀಳುವ ರಬ್ಬರು 1960ರ ದಶಕದಲ್ಲಿ ಬಂದ ಇಪಿಡಿಎಂ. ಎಥಿಲೀನ್, ಪ್ರೊಪಿಲೀನ್‌ಗಳ ಜೊತೆ ತುಸು ಡೈಯೀನ್ ಸೇರಿಸಿ ಇದನ್ನು ಮಾಡುತ್ತಾರೆ. ಇದರ ಬೆನ್ನೆಲುಬಿನ ಸರಪಳಿಯಲ್ಲಿ ದ್ವಿಬಂಧವೇ ಇಲ್ಲ, ಇರುವ ಕೆಲವು ಪಕ್ಕದ ಕೊಂಬೆಗಳಲ್ಲಿವೆ. ಓಝೋನಿಗೆ ಕಡಿಯಲು ಅಲ್ಲಿ ಏನೂ ಸಿಗುವುದಿಲ್ಲ. ಬಿಸಿಲು, ಮಳೆ, ಹಬೆಗಳಿಗೂ ಅದು ಜಗ್ಗುವುದಿಲ್ಲ. ಬಾಗಿಲು, ಡಿಕ್ಕಿ, ಬಾನೆಟ್, ಕಿಟಕಿಯ ರಬ್ಬರುಗಳು, ರೇಡಿಯೇಟರ್ ಹೋಸು, ಬ್ರೇಕಿನ ಕಪ್ಪು, ಇವೆಲ್ಲ ಹೆಚ್ಚಾಗಿ ಇಪಿಡಿಎಂ. ಬಾಗಿಲ ಬೀಡಿಂಗನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಎರಡು ಭಾಗ ಕಾಣುತ್ತವೆ. ತಗಡಿನ ಅಂಚನ್ನು ಕಚ್ಚಿ ಹಿಡಿಯುವ ಗಟ್ಟಿ ಹಿಡಿಕೆ, ಅದರೊಳಗೆ ಲೋಹದ ಪಟ್ಟಿ. ಅದಕ್ಕೆ ಅಂಟಿಕೊಂಡಂತೆ, ಗಾಳಿಗುಳ್ಳೆಗಳಿರುವ ಮೆತ್ತನೆಯ ಟೊಳ್ಳು ಕೊಳವೆ. ಬಾಗಿಲು ಮುಚ್ಚಿದಾಗ ಚಪ್ಪಟೆಯಾಗುವುದು ಈ ಕೊಳವೆ.

ಹೊಂದಿಕೆಯ ರಸಾಯನ

ಸ್ವಭಾವ ಒಂದೇ ಆದವು ಒಂದರಲ್ಲೊಂದು ಬೆರೆಯುತ್ತವೆ, ಇದೇ ಮೂಲ ನಿಯಮ. ಇಪಿಡಿಎಂ ಹುಟ್ಟಿದ್ದು ಹೈಡ್ರೋಕಾರ್ಬನ್‌ಗಳಿಂದ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ವ್ಯಾಸಲೀನ್ ಕೂಡ ಹೈಡ್ರೋಕಾರ್ಬನ್‌ಗಳೇ. ನೆಂಟರ ಮನೆಗೆ ನುಗ್ಗುವಂತೆ ಎಣ್ಣೆಯ ಅಣುಗಳು ರಬ್ಬರಿನ ಸರಪಳಿಗಳ ನಡುವೆ ನುಗ್ಗಿ ಕೂರುತ್ತವೆ. ಅಡ್ಡಕೊಂಡಿಗಳು ಇರುವುದರಿಂದ ರಬ್ಬರು ಕರಗಿಹೋಗುವುದಿಲ್ಲ, ಉಬ್ಬುತ್ತದೆ. ಉಬ್ಬಿದ ರಬ್ಬರು ಮೆತ್ತಗಾಗಿ ಸುಲಭವಾಗಿ ಹರಿಯುತ್ತದೆ. ಎಣ್ಣೆ ಹೊರಬಿದ್ದಾಗಲೂ ರಬ್ಬರು ಮೊದಲಿನಂತಾಗುವುದಿಲ್ಲ, ಏಕೆಂದರೆ ಕಾರ್ಖಾನೆಯಲ್ಲಿ ಮೃದುತ್ವಕ್ಕೆಂದು ಬೆರೆಸಿದ್ದ ಎಣ್ಣೆಯನ್ನೂ ಅದು ಜೊತೆಗೆ ಎಳೆದುಕೊಂಡು ಹೋಗಿರುತ್ತದೆ. ಪೆಟ್ರೋಲಿನಲ್ಲಿ ಒರೆಸಿದ ಬೀಡಿಂಗ್ ಆ ದಿನ ಕಪ್ಪಗೆ ಮಿಂಚಿ, ಕೆಲವು ತಿಂಗಳಲ್ಲಿ ಬಿರುಸಾಗುವುದು ಹೀಗೆ.

ನೈಟ್ರೈಲಿನ ಸರಪಳಿಯಲ್ಲಿ ಸಾರಜನಕವುಳ್ಳ ಧ್ರುವೀಯ ಗುಂಪುಗಳಿವೆ. ಖನಿಜ ತೈಲಕ್ಕೂ ಅದಕ್ಕೂ ನೆಂಟಸ್ತಿಕೆ ಕಡಿಮೆ, ಎಂಜಿನ್ ಆಯಿಲಿನಲ್ಲಿ ವರ್ಷಗಟ್ಟಲೆ ಮುಳುಗಿದ್ದರೂ ಅದಕ್ಕೆ ಹೆಚ್ಚೇನೂ ಆಗುವುದಿಲ್ಲ. ಆದರೆ ದ್ವಿಬಂಧಗಳಿರುವುದರಿಂದ ಹೊರಗಿನ ಬಿಸಿಲು, ಓಝೋನು ಅದಕ್ಕೆ ಆಗದು. ಒಂದು ತಾಳುವುದು ಇನ್ನೊಂದಕ್ಕೆ ಆಗುವುದಿಲ್ಲವಾದ್ದರಿಂದ ಎಂಜಿನಿನ ಒಳಗೆ ನೈಟ್ರೈಲ್, ಹೊರಗೆ ಇಪಿಡಿಎಂ ಎಂಬ ಹಂಚಿಕೆ ಆಗಿದೆ.

ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ2000 ಎಂಬ ಮಾನದಂಡ ವಾಹನಗಳ ರಬ್ಬರನ್ನು ಎರಡು ಅಕ್ಷರಗಳಲ್ಲಿ ಗುರುತಿಸುತ್ತದೆ. ಮೊದಲನೆಯದು ಎಷ್ಟು ಬಿಸಿ ತಾಳುತ್ತದೆ ಎಂಬುದಕ್ಕೆ, ಎರಡನೆಯದು ಗೊತ್ತುಮಾಡಿದ ಖನಿಜ ತೈಲದಲ್ಲಿ 70 ಗಂಟೆ ಮುಳುಗಿಸಿದಾಗ ಗಾತ್ರ ಎಷ್ಟು ಬೆಳೆಯಬಹುದು ಎಂಬುದಕ್ಕೆ. ವೈಟಾನಿನ ಎರಡನೆಯ ಅಕ್ಷರ ‘ಕೆ’, ಅಂದರೆ ಶೇಕಡ 10ಕ್ಕಿಂತ ಹೆಚ್ಚು ಉಬ್ಬುವಂತಿಲ್ಲ. ಇಪಿಡಿಎಂನದು ‘ಎ’. ಆ ಅಕ್ಷರಕ್ಕೆ ಮಿತಿಯೇ ಇಲ್ಲ: ಎಣ್ಣೆಯ ವಿಷಯದಲ್ಲಿ ಈ ರಬ್ಬರಿನಿಂದ ಏನನ್ನೂ ನಿರೀಕ್ಷಿಸಬೇಡಿ ಎಂದು ಮಾನದಂಡವೇ ಒಪ್ಪಿಕೊಂಡಂತೆ.

ಬೀಡಿಂಗ್ ಬದಲಿಸುವಾಗ ಉಳಿಯುವ ತುಂಡಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಗಟ್ಟಿ ಭಾಗದಿಂದ, ಲೋಹದ ಪಟ್ಟಿ ಸೇರದಂತೆ, ಬೆರಳುದ್ದದ ಎರಡು ಚೂರು ಕತ್ತರಿಸಿ, ಒಂದನ್ನು ಡೀಸೆಲ್ಲಿನಲ್ಲಿ, ಇನ್ನೊಂದನ್ನು ಮೆಡಿಕಲ್ ಅಂಗಡಿಯ ಗ್ಲಿಸರಿನ್ನಿನಲ್ಲಿ ಮುಳುಗಿಸಿ ಒಂದು ವಾರ ಬಿಟ್ಟು ಪಕ್ಕಪಕ್ಕ ಇಟ್ಟರೆ ಸಾಕು. ಗ್ಲಿಸರಿನ್ನಿನದು ಹಾಕಿದ ಹಾಗೇ ಇರುತ್ತದೆ. ಡೀಸೆಲ್ಲಿನದು ಉದ್ದಕ್ಕೂ ದಪ್ಪಕ್ಕೂ ಬೆಳೆದು ಮೆತ್ತಗಾಗಿರುತ್ತದೆ.

ಬಳಕೆಯಲ್ಲಿರುವ ಕೀಲೆಣ್ಣೆಗಳು

ಹೊರಗಿನ ರಬ್ಬರುಗಳಿಗೆ ಹೆಚ್ಚು ಹೊಂದುವುದು ಸಿಲಿಕೋನ್. ಸಿಲಿಕಾನ್, ಆಮ್ಲಜನಕ ಒಂದಾದ ಮೇಲೊಂದು ಬರುವ ಸರಪಳಿಯ ಈ ದ್ರವಕ್ಕೆ ಇಪಿಡಿಎಂ, ನೈಟ್ರೈಲ್, ಸಹಜ ರಬ್ಬರು ಯಾವುದರ ಜೊತೆಯೂ ನೆಂಟಸ್ತಿಕೆಯಿಲ್ಲ. ನೀರಿಗೆ ತೊಳೆದು ಹೋಗದು, ಬೇಗ ಆರದು, ಚಳಿ ಬಿಸಿಲಿಗೆ ಹೆಚ್ಚು ಬದಲಾಗದು. ಸಿಲಿಕಾ ಪುಡಿಯಿಂದ ಮಂದಗೊಳಿಸಿದರೆ ಅದೇ ಸಿಲಿಕೋನ್ ಗ್ರೀಸ್. ಹೋಂಡಾ ತನ್ನ ಕೆಲವು ಕಾರುಗಳ ಬೀಡಿಂಗಿಗೆ ಜಪಾನಿನ ಶಿನ್-ಎತ್ಸು ಕಂಪನಿಯ ಇಂಥ ಗ್ರೀಸನ್ನೇ ಸೂಚಿಸಿದೆ. ಸಿಲಿಕೋನಿನಿಂದಲೇ ಮಾಡಿದ ರಬ್ಬರಿಗೆ ಮಾತ್ರ ಸಿಲಿಕೋನ್ ಎಣ್ಣೆ ಸಲ್ಲದು, ಅಲ್ಲಿ ಮತ್ತೆ ಅದೇ ನೆಂಟಸ್ತಿಕೆಯ ತೊಂದರೆ. ಎಣ್ಣೆ ತೆಳುವಾದಷ್ಟೂ ತೊಂದರೆ ಹೆಚ್ಚು. ಸ್ಪ್ರೇ ಡಬ್ಬಿ ಕೊಳ್ಳುವಾಗ ಇನ್ನೊಂದನ್ನು ಗಮನಿಸಬೇಕು. ಕೆಲವು ಡಬ್ಬಿಗಳಲ್ಲಿ ಸಿಲಿಕೋನ್ ಕಡಿಮೆ, ಅದನ್ನು ಹೊತ್ತು ತರುವ ಪೆಟ್ರೋಲಿಯಂ ದ್ರಾವಕವೇ ಹೆಚ್ಚು. ಅದು ಬೇಗ ಆವಿಯಾಗುವುದರಿಂದ ಅಪರೂಪಕ್ಕೆ ಬಳಸಿದರೆ ದೊಡ್ಡ ಹಾನಿಯಿಲ್ಲ, ಆದರೂ ನೀರಿನಲ್ಲಿ ಬೆರೆಸಿದ್ದು ಸಿಕ್ಕರೆ ಅದೇ ಮೇಲು.

ಸಿಲಿಕೋನಿಗೂ ಒಂದು ಕೆಟ್ಟ ಗುಣವಿದೆ. ಅದು ಹರಡುತ್ತದೆ, ಹರಡಿದ ಮೇಲೆ ಹೋಗುವುದಿಲ್ಲ. ಟಿಂಕರಿಂಗ್ ಮುಗಿದು ಪೇಂಟ್ ಹೊಡೆಯಬೇಕಾದ ಬಾಗಿಲ ಮೇಲೆ ಅದರ ಒಂದು ಹನಿ ಉಳಿದಿದ್ದರೂ ಬಣ್ಣ ಅಲ್ಲಿ ಕೂರದೆ ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ. ಮುಂದಿನ ಗಾಜಿಗೆ ತಗಲಿದರೆ ಮಳೆಯಲ್ಲಿ ವೈಪರ್ ಉಜ್ಜಿದಷ್ಟೂ ಮಸುಕು. ಆದ್ದರಿಂದ ಡಬ್ಬಿಯಿಂದ ನೇರವಾಗಿ ರಬ್ಬರಿಗೆ ಹೊಡೆಯದೆ ಬಟ್ಟೆಗೆ ಹೊಡೆದುಕೊಂಡು ಸವರುವುದು ಪೇಂಟ್ ಕೆಲಸದವರು ಮೆಚ್ಚುವ ಕ್ರಮ.

ಗ್ಲಿಸರಿನ್ ನೀರಿನ ಬಂಧು. ರಬ್ಬರಿನೊಳಗೆ ಹೋಗದು, ಗಾಳಿಯ ತೇವ ಹಿಡಿದಿಟ್ಟುಕೊಳ್ಳುತ್ತದೆ, ನೀರು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಬಾಗಿಲು ಹಿಮಕ್ಕೆ ಅಂಟಿಕೊಳ್ಳುವ ಜರ್ಮನಿಯಂಥ ದೇಶಗಳಲ್ಲಿ ಅದಕ್ಕೆ ಬೇಡಿಕೆ ಹೆಚ್ಚು. ಅಲ್ಲಿ ಜಿಂಕೆಯ ಕೊಬ್ಬನ್ನು ಕಡ್ಡಿಯ ರೂಪದಲ್ಲಿ ಮಾಡಿ ಬಾಗಿಲ ರಬ್ಬರಿಗೆ ತೀಡುವ ಹಳೆಯ ರೂಢಿಯೂ ಇದೆ. ನಮ್ಮ ಮಳೆಗಾಲದಲ್ಲಿ ಗ್ಲಿಸರಿನ್ ಎರಡು ಮಳೆಗೆ ತೊಳೆದು ಹೋಗುತ್ತದೆ.

ಟೆಫ್ಲಾನ್ ಎಂದು ಹೆಸರಾದ ಪಿಟಿಎಫ್‌ಇಯ ಪುಡಿ ಒಣ ಕೀಲೆಣ್ಣೆ, ದೂಳು ಹಿಡಿಯಬಾರದ ಕಡೆಗೆ ಒಳ್ಳೆಯದು. ಪಿಎಫ್‌ಪಿಇ ಎಂಬ ಫ್ಲೋರಿನ್ ದ್ರವ ಹೆಚ್ಚುಕಡಿಮೆ ಎಲ್ಲ ರಬ್ಬರಿಗೂ ಹೊಂದುತ್ತದೆ, ಬೆಲೆಯಲ್ಲಿ ಮಾತ್ರ ಉಳಿದವಕ್ಕಿಂತ ಎಷ್ಟೋ ಪಟ್ಟು ಮುಂದು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಬಳಿಯುವ ಬಿಳಿ ಪೌಡರು ಕೂಡ ಒಂದು ಒಣ ಕೀಲೆಣ್ಣೆಯೇ. ಟ್ಯೂಬು ಟೈರಿಗೆ ಅಂಟಿ ತಿರುಚಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ಇನ್ನು ಮನೆಯಲ್ಲಿ ಕೈಗೆ ಸಿಗುವಂಥವು. ಅಮೆರಿಕದ ರಾಬರ್ಟ್ ಚೀಸ್‌ಬ್ರೋ 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು ಪೆಟ್ರೋಲಿಯಂ ಗಸಿಯಿಂದ ತೆಗೆದ ಮುಲಾಮಿಗೆ. ಚರ್ಮಕ್ಕೆ ಹಿತವಾದದ್ದು ಬೀಡಿಂಗಿಗೂ ಹಿತ ಎನ್ನಲಾಗದು. ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ ತಯಾರಾದ ಡಬ್ಲ್ಯುಡಿ-40 ಹುಟ್ಟಿದ್ದು ಲೋಹದ ಮೇಲಿನ ನೀರನ್ನು ದೂರ ತಳ್ಳಿ ತುಕ್ಕು ತಡೆಯುವುದಕ್ಕೆ. ಅದರಲ್ಲಿರುವುದು ಬಹುಪಾಲು ಪೆಟ್ರೋಲಿಯಂ ಅಂಶ. ಅಂಟಿದ ನಟ್ಟಿಗೆ, ಬಾಗಿಲ ಕೀಲಿಗೆ ಅದು ಸರಿ. ಇಪಿಡಿಎಂಗೆ ಮತ್ತೆ ಮತ್ತೆ ಹೊಡೆಯುವಂಥದ್ದಲ್ಲ. ತೆಂಗಿನೆಣ್ಣೆ ಖನಿಜ ತೈಲದಷ್ಟು ರಬ್ಬರನ್ನು ಉಬ್ಬಿಸದು. ಆದರೆ ದೂಳನ್ನೆಲ್ಲ ಬಾಚಿಕೊಳ್ಳುತ್ತದೆ, ಕಮಟುತ್ತದೆ, 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಡಿಸೆಂಬರಿನ ಬೆಳಗ್ಗೆ ಬಾಗಿಲ ಸಂದಿಯಲ್ಲಿ ಬಿಳಿಯಾಗಿ ಕೂತಿರುತ್ತದೆ.

ಬಾಗಿಲು, ಕಿಟಕಿ, ಸನ್‌ರೂಫ್

ಬಾಗಿಲ ಬೀಡಿಂಗಿಗೆ ಕೀಲೆಣ್ಣೆಗಿಂತ ಹೆಚ್ಚು ಬೇಕಾದದ್ದು ಒದ್ದೆ ಬಟ್ಟೆ. ತಿಂಗಳುಗಟ್ಟಲೆ ಒರೆಸದ ಬೀಡಿಂಗಿನ ಮಡಿಕೆಯಲ್ಲಿ ಬೆರಳಾಡಿಸಿದರೆ ಮರಳು ಸಿಗುತ್ತದೆ. ಬಾಗಿಲು ಹಾಕಿ ತೆಗೆದಾಗಲೆಲ್ಲ ಆ ಮರಳು ರಬ್ಬರಿನ ತೆಳು ಲೇಪವನ್ನೂ ಎದುರಿನ ಪೇಂಟನ್ನೂ ಉಜ್ಜುತ್ತಿರುತ್ತದೆ. ಅದರ ಮೇಲೆಯೇ ಸಿಲಿಕೋನ್ ಸವರಿದರೆ ಉಪ್ಪುಕಾಗದಕ್ಕೆ ಎಣ್ಣೆ ಹಚ್ಚಿದಂತೆ. ಮೊದಲು ಕಾರ್ ಶಾಂಪೂ ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮೇಲಿನ ಮೂಲೆಯಿಂದ ಕೆಳಕ್ಕೆ ಒರೆಸಬೇಕು; ತಗಡಿನ ಎದುರು ಅಂಚನ್ನೂ ಒರೆಸಬೇಕು; ಬಾಗಿಲ ತಳದಲ್ಲಿ ನೀರು ಇಳಿಯಲು ಇರುವ ಸಣ್ಣ ತೂತುಗಳು ಕಟ್ಟಿಕೊಂಡಿವೆಯೇ ನೋಡಬೇಕು. ಪೂರ್ತಿ ಒಣಗಿದ ಮೇಲೆ ಬಟ್ಟೆಯಲ್ಲಿ ತೊಗರಿಬೇಳೆಯಷ್ಟು ಸಿಲಿಕೋನ್ ಗ್ರೀಸ್ ತೆಗೆದುಕೊಂಡು ಒಂದು ಬಾಗಿಲಿಗೆ ಎಳೆದು, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬೆರಳಿಗೆ ಜಿಡ್ಡು ತಾಗಿದರೆ ಹೆಚ್ಚಾಗಿದೆ ಎಂದರ್ಥ. ಸೀರೆ, ಪಂಚೆಯ ಅಂಚು ಅದಕ್ಕೆ ತಗಲುವುದನ್ನು ಬೇರೆ ಹೇಳಬೇಕಿಲ್ಲ.

ಹಳ್ಳ ಹಾರುವಾಗ ಬಾಗಿಲ ಕಡೆಯಿಂದ ಬರುವ ಕಿರ್‌ಕಿರ್ ಸದ್ದು ರಬ್ಬರು ಪೇಂಟಿಗೆ ಒಮ್ಮೆ ಅಂಟಿ ಒಮ್ಮೆ ಜಾರುವುದರಿಂದ ಹುಟ್ಟುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ತೆಳುವಾದ ಸಿಲಿಕೋನ್ ಪದರ ಅಂಟುವಿಕೆಯನ್ನು ತಪ್ಪಿಸಿ ಸದ್ದನ್ನು ಅಡಗಿಸುತ್ತದೆ. ಹಚ್ಚಿದ ಮೇಲೂ ನಿಲ್ಲದಿದ್ದರೆ ಸದ್ದಿನ ಮೂಲ ಬೀಡಿಂಗಲ್ಲ, ಬಾಗಿಲ ಲಾಕ್ ಅಥವಾ ಒಳಗಿನ ಪ್ಲಾಸ್ಟಿಕ್ ಫಲಕ.

ಕಿಟಕಿಯ ಗಾಜು ಏರಿಳಿಯುವ ಚಾನೆಲ್ಲಿನ ಲೆಕ್ಕ ಬೇರೆ. ಅದರ ಒಳಮೈಗೆ ಮಖಮಲ್ಲಿನಂಥ ಸಣ್ಣ ನೈಲಾನ್ ರೋಮ ಅಂಟಿಸಿರುತ್ತಾರೆ. ಅಲ್ಲಿ ಗ್ರೀಸ್ ಹಾಕಿದರೆ ರೋಮವೆಲ್ಲ ಮುದ್ದೆಯಾಗಿ, ದೂಳು ಸೇರಿ ಅರೆಯುವ ಹಿಟ್ಟಾಗುತ್ತದೆ; ಗಾಜಿನ ಮೇಲೆ ನೆಟ್ಟಗಿನ ಗೀರುಗಳು ಬೀಳುವುದು ಆಗಲೇ. ಪವರ್ ವಿಂಡೋ ನಿಧಾನವಾದರೆ ತೆಳ್ಳಗಿನ ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ಲಿನೊಳಗೆ ಆಡಿಸಿ ದೂಳು ತೆಗೆದು, ಒಣಗಿದ ಮೇಲೆ ಪಿಟಿಎಫ್‌ಇ ಅಥವಾ ಒಣಗುವ ಸಿಲಿಕೋನ್ ಸ್ಪ್ರೇಯನ್ನು ಉದ್ದ ನಳಿಕೆಯಿಂದ ಸ್ವಲ್ಪ ಬಿಡಬೇಕು. ಎಷ್ಟೋ ಬಾರಿ ಮೋಟಾರು ಹೋಗಿದೆ ಎಂದು ಬದಲಿಸಿದ ಬಾಗಿಲುಗಳಲ್ಲಿ ಹೋಗಿದ್ದದ್ದು ಚಾನೆಲ್ಲಿನ ನಯ ಮಾತ್ರ. ಸನ್‌ರೂಫಿನ ರಬ್ಬರಿಗೆ ಬಾಗಿಲಿನದೇ ಕ್ರಮ. ಅದು ಸೋರುವುದಾದರೆ ರಬ್ಬರಿಗಿಂತ ಮೊದಲು ನಾಲ್ಕು ಮೂಲೆಯ ನೀರಿನ ಕೊಳವೆಗಳನ್ನು ಅನುಮಾನಿಸಬೇಕು.

ಬ್ರೇಕ್

ತಪ್ಪು ಕೀಲೆಣ್ಣೆಯಿಂದ ಪ್ರಾಣಕ್ಕೇ ಸಂಚಕಾರ ಬರುವ ಜಾಗಗಳಲ್ಲಿ ಇದು ಮೊದಲನೆಯದು. ತೊಂದರೆ ಹೆಸರಿನಿಂದಲೇ ಶುರುವಾಗುತ್ತದೆ. ಬ್ರೇಕ್ ಆಯಿಲ್ ಎಂದು ಎಲ್ಲರೂ ಕರೆಯುವ ದ್ರವ ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂಬ ಗುರುತಿನವು ಗ್ಲೈಕಾಲ್ ಜಾತಿಯವು, ನೀರಿನೊಂದಿಗೆ ಬೆರೆಯುತ್ತವೆ. ಡಾಟ್ 5 ಒಂದು ಮಾತ್ರ ಸಿಲಿಕೋನ್, ಅದನ್ನು ಉಳಿದವುಗಳೊಂದಿಗೆ ಬೆರೆಸುವಂತಿಲ್ಲ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ, ನೀರು ಹೀರಿಕೊಂಡ ಮೇಲೆ ಕನಿಷ್ಠ 155 ಡಿಗ್ರಿಯಲ್ಲಿ ಕುದಿಯಬೇಕೆಂಬುದು ಅಮೆರಿಕದ ಸುರಕ್ಷತಾ ಮಾನದಂಡದ ನಿಯಮ. ಗ್ಲೈಕಾಲಿಗೂ ಇಪಿಡಿಎಂಗೂ ಹೊಂದಿಕೆ ಚೆನ್ನಾಗಿದೆ, ಬ್ರೇಕ್ ಕಪ್ಪುಗಳು ಇಪಿಡಿಎಂ ಆದದ್ದು ಅದಕ್ಕೇ.

ಆಯಿಲ್ ಎಂಬ ಹೆಸರನ್ನು ನಂಬಿ ಬ್ರೇಕ್ ದ್ರವದ ಡಬ್ಬಿಗೆ ಒಂದಿಷ್ಟು ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿದರೆ ಆಗುವುದು ಹೀಗೆ. ಮೊದಲು ಡಬ್ಬಿಯ ಮುಚ್ಚಳದೊಳಗಿನ ರಬ್ಬರು ಉಬ್ಬಿ, ತೆಗೆದರೆ ಮತ್ತೆ ಕೂರುವುದಿಲ್ಲ. ಆಮೇಲೆ ಮಾಸ್ಟರ್ ಸಿಲಿಂಡರಿನ ಕಪ್ಪು ಉಬ್ಬುತ್ತದೆ. ಪೆಡಲ್ ಬಿಟ್ಟಾಗ ದ್ರವ ಡಬ್ಬಿಗೆ ಹಿಂದಿರುಗಲು ಸಿಲಿಂಡರಿನಲ್ಲಿ ಒಂದು ಕಿರುತೂತು ಇರುತ್ತದೆ. ಉಬ್ಬಿದ ಕಪ್ಪು ಅದನ್ನು ಮುಚ್ಚಿಬಿಡುತ್ತದೆ. ಒತ್ತಡ ಇಳಿಯಲು ದಾರಿಯಿಲ್ಲದೆ ಬ್ರೇಕು ಹಿಡಿದುಕೊಂಡೇ ಇರುತ್ತದೆ, ಡ್ರಮ್ಮು ಡಿಸ್ಕುಗಳು ಕಾಯುತ್ತವೆ, ಕಾದಷ್ಟೂ ದ್ರವ ಹಿಗ್ಗಿ ಬ್ರೇಕು ಇನ್ನಷ್ಟು ಬಿಗಿಯುತ್ತದೆ. ದ್ರವ ಬದಲಿಸಿದ ಮಾತ್ರಕ್ಕೆ ಇದು ಸರಿಹೋಗದು. ಪೈಪುಗಳನ್ನು ತೊಳೆದು, ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಗಳವರೆಗೆ ಇರುವ ಎಲ್ಲ ರಬ್ಬರನ್ನೂ ಬದಲಿಸಬೇಕಾಗುತ್ತದೆ.

ಇದರ ತಿರುಗುಮುರುಗು ಕಥೆ ಫ್ರಾನ್ಸಿನದು. ಸಿಟ್ರನ್ ಕಂಪನಿಯ ಡಿಎಸ್ ಕಾರಿನಲ್ಲಿ ಬ್ರೇಕ್, ಸಸ್ಪೆನ್ಷನ್, ಸ್ಟೀರಿಂಗ್ ಎಲ್ಲಕ್ಕೂ ಒಂದೇ ದ್ರವದ ಒತ್ತಡ. 1955ರಲ್ಲಿ ಕಾರು ಬಂದಾಗ ಬಳಸಿದ ದ್ರವ ನೀರು ಹೀರುತ್ತಿತ್ತು, ಒಳಭಾಗ ತುಕ್ಕು ಹಿಡಿಯುತ್ತಿತ್ತು. 1960ರ ದಶಕದ ನಡುವಿನಲ್ಲಿ ಕಂಪನಿ ಹಸಿರು ಬಣ್ಣದ ಖನಿಜ ದ್ರವಕ್ಕೆ ಬದಲಾಯಿತು. ದ್ರವ ಬದಲಾದ ಮೇಲೆ ರಬ್ಬರನ್ನೂ ಬದಲಿಸಲೇಬೇಕಾಯಿತು. ಹೊಸ ದ್ರವಕ್ಕೆ ಹೊಂದುವ ಭಾಗಗಳಿಗೆ ಹಸಿರು ಬಣ್ಣವನ್ನೇ ಬಳಿದರು. ಹಳೆಯ ಕಾರಿಗೆ ಹೊಸ ದ್ರವವಾಗಲಿ, ಹೊಸದಕ್ಕೆ ಹಳೆಯದಾಗಲಿ ಹಾಕಿದವರು ಎಲ್ಲ ಸೀಲುಗಳನ್ನೂ ಕಳೆದುಕೊಳ್ಳುತ್ತಿದ್ದರು.

ಬ್ರೇಕಿನ ಕಪ್ಪುಗಳನ್ನು ಜೋಡಿಸುವಾಗ ಹಚ್ಚಬೇಕಾದದ್ದು ಅದೇ ಸಿಲಿಂಡರಿಗೆ ಹೋಗುವ ಹೊಸ ಬ್ರೇಕ್ ದ್ರವ, ಇಲ್ಲವೇ ಕೆಂಪು ರಬ್ಬರ್ ಗ್ರೀಸ್. ಈ ಕೆಂಪು ಗ್ರೀಸಿನ ಮೂಲ ಹರಳೆಣ್ಣೆ. ಹರಳೆಣ್ಣೆಯ ಅಣುಗಳು ಬೇರೆ ಸಸ್ಯಜನ್ಯ ಎಣ್ಣೆಗಳದಕ್ಕಿಂತ ಹೆಚ್ಚು ಧ್ರುವೀಯ, ಅವು ರಬ್ಬರಿನೊಳಗೆ ನುಗ್ಗುವುದು ಕಡಿಮೆ. ಮೊದಮೊದಲ ಹೈಡ್ರಾಲಿಕ್ ಬ್ರೇಕುಗಳಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿದ ದ್ರವವನ್ನೇ ಬಳಸುತ್ತಿದ್ದರು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂಬ ಹೆಸರಿಟ್ಟದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ನಮ್ಮ ಗಾಡಿಗಳ ಕೀಲಿಗೆ ಎರೆಯುತ್ತಿದ್ದದ್ದೂ ಹರಳೆಣ್ಣೆಯೇ. ಕೀಲಿಗೂ ರಬ್ಬರಿಗೂ ಎರಡಕ್ಕೂ ಸಲ್ಲುವ ಅಪರೂಪದ ಎಣ್ಣೆ ಇದು.

ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಜಾರುವ ಪಿನ್ನುಗಳ ಮೇಲೂ ರಬ್ಬರ್ ಬೂಟುಗಳಿವೆ. ಅಲ್ಲಿಗೆ ಬೇರಿಂಗ್ ಗ್ರೀಸ್ ತುಂಬಿದರೆ ಬೂಟು ಉಬ್ಬಿ ಪಿನ್ನನ್ನು ಹಿಡಿದುಕೊಳ್ಳುತ್ತದೆ. ಒಂದು ಪ್ಯಾಡ್ ಪೂರ್ತಿ ಸವೆದು ಎದುರಿನದು ಹೊಸದರಂತೇ ಇದ್ದರೆ ಮೊದಲು ನೋಡಬೇಕಾದದ್ದು ಈ ಪಿನ್ನುಗಳನ್ನು. ಇಲ್ಲಿ ಸಲ್ಲುವುದು ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸ್ ಮಾತ್ರ.

ಎಂಜಿನ್, ಕೂಲಂಟ್, ಎಸಿ

ಎಂಜಿನಿನ ಒಳಗೆ ನಿಯಮ ಸರಳ: ಯಾವ ದ್ರವವನ್ನು ತಡೆಯಲು ಸೀಲು ಕೂತಿದೆಯೋ ಅದೇ ಅದರ ಕೀಲೆಣ್ಣೆ. ಹೊಸ ಆಯಿಲ್ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಹೊಸ ಎಂಜಿನ್ ಆಯಿಲ್ ಸವರಿ, ರಬ್ಬರು ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಯುತ್ತಾರೆ. ಒಣಗಿದ್ದೇ ಬಿಗಿದರೆ ರಬ್ಬರು ತಿರುಚಿಕೊಂಡು ಸೋರುತ್ತದೆ, ಮುಂದಿನ ಸಲ ಬಿಚ್ಚಲೂ ಬರುವುದಿಲ್ಲ. ಕ್ರ್ಯಾಂಕ್ ಶಾಫ್ಟಿನ ಆಯಿಲ್ ಸೀಲಿನ ತುಟಿಗೂ ಹಾಗೆಯೇ ಎಣ್ಣೆ ಸವರಬೇಕು. ಒಣ ತುಟಿ ಎಂಜಿನ್ ಶುರುವಾದ ಕೆಲವೇ ಕ್ಷಣಗಳಲ್ಲಿ ಸುಟ್ಟುಕೊಳ್ಳುತ್ತದೆ. ಹಳೆಯ ಎಂಜಿನ್ನುಗಳ ಸೋರಿಕೆಗೆಂದು ಮಾರುವ ದ್ರವಗಳು ಉಬ್ಬುವ ದೋಷವನ್ನೇ ಮದ್ದು ಮಾಡಿಕೊಂಡಂಥವು. ಎಸ್ಟರಿನಂಥ ಅಂಶ ಬೆರೆಸಿ, ಗಟ್ಟಿಯಾದ ಸೀಲನ್ನು ತುಸು ಉಬ್ಬಿಸಿ ಸಂದು ಮುಚ್ಚಿಸುತ್ತವೆ. ಕೆಲವು ತಿಂಗಳು ದೂಡಲು ಸಾಕು, ಸವೆದ ತುಟಿಯನ್ನು ಅದು ಮತ್ತೆ ಬೆಳೆಸಲಾರದು.

ರೇಡಿಯೇಟರ್ ಹೋಸು ಇಪಿಡಿಎಂ. ಅದನ್ನು ಏರಿಸಲು ಕೂಲಂಟ್ ಅಥವಾ ನೀರು ಸವರಿದರೆ ಸಾಕು. ಗ್ರೀಸ್ ಹಚ್ಚಿದ ಹೋಸು ಸುಲಭವಾಗಿ ಏರುತ್ತದೆ, ಒತ್ತಡ ಬಂದಾಗ ಅಷ್ಟೇ ಸುಲಭವಾಗಿ ಜಾರಿ ಕಳಚಿಕೊಳ್ಳುತ್ತದೆ. ಎಸಿಯಲ್ಲಿ ಆರ್-12 ಅನಿಲ ಹೋಗಿ ಆರ್-134ಎ ಬಂದ 1990ರ ದಶಕದಲ್ಲಿ ಎಣ್ಣೆಯೂ ಓ-ರಿಂಗೂ ಎರಡೂ ಬದಲಾದವು. ಹಸಿರು ಬಣ್ಣದ ಓ-ರಿಂಗುಗಳು ಬಳಕೆಗೆ ಬಂದದ್ದು ಆಗಿನಿಂದ. ಅವನ್ನು ಒಣಗಿದ್ದೇ ಕೂರಿಸದೆ, ತಯಾರಕರು ಹೇಳಿದ ಎಣ್ಣೆಯಲ್ಲಿ ಅದ್ದಿ ಕೂರಿಸಬೇಕು.

ಹಚ್ಚಬಾರದ ಜಾಗಗಳು

ಸಸ್ಪೆನ್ಷನ್ನಿನ ರಬ್ಬರ್ ಬುಷ್ಷು ಜಾರುವುದಿಲ್ಲ, ಹೊಸೆದುಕೊಂಡು ಹಿಂದಿರುಗುತ್ತದೆ. ಅದಕ್ಕೆ ಕೀಲೆಣ್ಣೆಯ ಕೆಲಸವೇ ಇಲ್ಲ. ಸರ್ವೀಸಿನ ಕೊನೆಗೆ ಗಾಡಿಯ ಅಡಿಗೆ ಸೀಮೆಎಣ್ಣೆ ಬೆರೆಸಿದ ಹಳೆಯ ಆಯಿಲ್ ಹೊಡೆಸುವ ರೂಢಿ ತಗಡಿನ ತುಕ್ಕಿಗೆ ಒಳ್ಳೆಯದಿರಬಹುದು, ಸಹಜ ರಬ್ಬರಿನ ಬುಷ್ಷುಗಳಿಗೆ ಮಾತ್ರ ವಿಷ. ಒಂದು ವಾರ ಸದ್ದಿಲ್ಲದೆ ಓಡಿದ್ದನ್ನು ನೋಡಿ ಅದು ಗುಣ ಮಾಡಿತು ಎಂದುಕೊಳ್ಳುವುದುಂಟು. ವೈಪರಿನ ರಬ್ಬರಿಗೆ, ಫ್ಯಾನ್ ಬೆಲ್ಟಿಗೆ, ಪೆಡಲಿನ ಮೇಲಿನ ರಬ್ಬರಿಗೆ ಯಾವ ಹೊಳಪಿನ ದ್ರವವೂ ಬೇಡ, ಇವು ಹಿಡಿತಕ್ಕೆ ಇರುವಂಥವು. ಟೈರನ್ನು ರಿಮ್ಮಿಗೆ ಏರಿಸುವಾಗ ಸೋಪಿನ ಪೇಸ್ಟ್ ಬಳಸುತ್ತಾರೆ, ಅದು ಒಣಗಿದ ಮೇಲೆ ಹಿಡಿತ ಮರಳುತ್ತದೆ. ಗ್ರೀಸ್ ಹಚ್ಚಿದರೆ ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರಬಹುದು.

ಹವೆ ಮತ್ತು ಬಾಳಿಕೆ

ಯುರೋಪಿನ ಪುಸ್ತಕಗಳು ಬಾಗಿಲ ರಬ್ಬರಿನ ಆರೈಕೆಯನ್ನು ಚಳಿಗಾಲದ ತಯಾರಿಯೆಂದು ಹೇಳುತ್ತವೆ. ಕರ್ನಾಟಕದ ಮಟ್ಟಿಗೆ ಅದು ಮಳೆಗಾಲದ ತಯಾರಿ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ ಹೊರಗಿನ ಹವೆಯೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಬೀಡಿಂಗ್, ಆ ಬಿಸಿಯಲ್ಲಿ ಗಂಟೆಗಟ್ಟಲೆ ಒತ್ತಿಕೊಂಡೇ ಇದ್ದು, ಒತ್ತಿದ ಆಕಾರದಲ್ಲೇ ಕೂತುಬಿಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ರಬ್ಬರಿನ ಮಡಿಕೆಯಲ್ಲಿ ಪಾಚಿ ಬೂಷ್ಟು ಬೆಳೆಯುವುದೇ ದೊಡ್ಡ ತಲೆನೋವು. ಅಲ್ಲಿ ಕೀಲೆಣ್ಣೆಗಿಂತ ಸೋಪಿನ ನೀರಿಗೆ ಹೆಚ್ಚು ಕೆಲಸ. ಮೇ ತಿಂಗಳ ಕೊನೆಗೊಮ್ಮೆ, ದೀಪಾವಳಿ ಕಳೆದು ದೂಳು ಏಳುವ ಹೊತ್ತಿಗೊಮ್ಮೆ, ವರ್ಷಕ್ಕೆ ಎರಡು ಸಲ ಮಾಡಿದರೆ ಬಹುತೇಕ ಕಾರುಗಳಿಗೆ ಸಾಕು. ತಿಂಗಳಿಗೊಮ್ಮೆ ಹಚ್ಚುವವರ ಕಾರಿನಲ್ಲಿ ಹೆಚ್ಚುವುದು ಜಿಡ್ಡು ಮಾತ್ರ.

ಬೀಡಿಂಗ್ ಇನ್ನೂ ಉಳಿದಿದೆಯೇ ಎಂದು ತಿಳಿಯಲು ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಹಾಳೆಯನ್ನು ಬಾಗಿಲಿಗೂ ರಬ್ಬರಿಗೂ ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಬಿಗಿಯಾಗಿ ಬಂದರೆ ರಬ್ಬರಿನಲ್ಲಿ ಕಸುವಿದೆ. ಗಾಳಿಯಲ್ಲಿ ಬಂದಂತೆ ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಚಪ್ಪಟೆಯಾಗಿದೆ, ಇಲ್ಲವೇ ಬಾಗಿಲೇ ಜೋತುಬಿದ್ದಿದೆ. ಒಂದು ಅಡಿಗೊಮ್ಮೆ ಹೀಗೆ ನೋಡುತ್ತ ಸುತ್ತು ಬಂದರೆ, ಮಳೆಯಲ್ಲಿ ಕಾಲಡಿಯ ಮ್ಯಾಟ್ ನೆನೆಯುವ ಜಾಗ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಬೀಡಿಂಗ್ ಬದಲಿಸುವಾಗ ಹೊಸದನ್ನು ಎಳೆದು ಹಿಗ್ಗಿಸದೆ, ಮೂಲೆಗಳಲ್ಲಿ ತುಸು ಸಡಿಲವೇ ಬಿಟ್ಟು, ಸೋಪಿನ ನೀರು ಸವರಿ ಅಂಗೈಯಿಂದ ತಟ್ಟಿ ಕೂರಿಸುತ್ತಾರೆ. ಮೊದಲ ಕೆಲವು ದಿನ ಬಾಗಿಲು ಮುಚ್ಚಲು ತುಸು ಜೋರು ಬೇಕಾಗುತ್ತದೆ.